ತಲೆಕೆಳಗಾದ ನೀರುನಾಯಿ

ನ್ಯೂರೆಂಬರ್ಗಿನ ಯೋಬ್ಸ್ಟ್ ತಾಮ್ರದ ತಗಡಿನಲ್ಲಿ ಚಿತ್ರ ಕೊರೆಯುವವನು. ಸಿರಿವಂತರ ಮನೆತನದ ಲಾಂಛನಗಳಿಗೆ ಸಿಂಹ, ಹದ್ದುಗಳನ್ನು ಕೊರೆದು ಕೊರೆದು ಬೇಸತ್ತಿದ್ದ ಅವನಿಗೆ ವಾಲ್ಡಾಖ್ ಮನೆತನದ ಲಾಂಛನವಾದ ಗುರಾಣಿಯೆಂದರೆ ಪ್ರಾಣ. ಅದರಲ್ಲಿ ಮೀನು ಕಚ್ಚಿಕೊಂಡು ನಿಂತ ನೀರುನಾಯಿ. ಉಳಿಯ ಮೊನೆಯಲ್ಲಿ ಒದ್ದೆ ತುಪ್ಪಳ ಮೂಡಿಸುವುದು ಹುಡುಗಾಟವಲ್ಲ. ಗೆರೆ ದಪ್ಪವಾದರೆ ಮುಳ್ಳುಹಂದಿ, ತೆಳುವಾದರೆ ಬೋಳು ಹೆಗ್ಗಣ.

ಆ ಮನೆಯ ಒಬ್ಬನೇ ಗಂಡು ಲುಟ್ಸ್ ಜ್ವರದಲ್ಲಿ ತೀರಿಕೊಂಡ. ಹೆಂಡತಿ ಕುನಿಗುಂಡ್ ತುಂಬು ಗರ್ಭಿಣಿ. ಸತ್ತ ತಿಂಗಳಿಗೆ ನಡೆಯುವ ಪ್ರಾರ್ಥನೆಯ ದಿನ ಬಂದವರಿಗೆ ಹಂಚಲು ಗುರಾಣಿಯ ಚಿತ್ರ ಅಚ್ಚಾಗಬೇಕಿತ್ತು. ವಂಶದಲ್ಲಿ ಗಂಡು ಉಳಿಯದಿದ್ದರೆ ಗುರಾಣಿಯನ್ನು ತಲೆಕೆಳಗಾಗಿ ಕೊರೆಯುವುದು ಅಲ್ಲಿನ ಪದ್ಧತಿ.

"ಹೆರಿಗೆ ಆಗೋವರೆಗೂ ಗುರಾಣಿ ಮುಟ್ಟಬೇಡಿ, ಯಜಮಾನ್ರೇ," ಎಂದಿದ್ದಳು ಕುನಿಗುಂಡ್.

ಯೋಬ್ಸ್ಟ್ ಸುತ್ತಲಿನ ಬಳ್ಳಿ, ಗರಿ ಎಲ್ಲ ಮುಗಿಸಿದ. ಆಮೇಲೆ ಕೈ ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ನೀರುನಾಯಿಯನ್ನು ನೆಟ್ಟಗೆ ನಿಲ್ಲಿಸಿ ಕೊರೆದೇಬಿಟ್ಟ.

ಹೆಂಡತಿ ಬಾರ್ಬರಾ ನೋಡಿ ಹಣೆ ಚಚ್ಚಿಕೊಂಡಳು. "ಅಲ್ರೀ, ಸೂಲಗಿತ್ತಿಗೇ ಗೊತ್ತಿಲ್ಲದ್ದು ನಿಮಗೆ ಹೇಗ್ರೀ ಗೊತ್ತಾಯ್ತು?"

"ಗಂಡೇ ಕಣೇ. ಅಪಶಕುನ ಆಡಬೇಡ, ಸುಮ್ನಿರು."

ಕೊರೆದದ್ದು ತನ್ನ ಆಸೆಯನ್ನು ಎಂಬುದು ಆ ಮೊಂಡನಿಗೂ ಗೊತ್ತಿತ್ತು.

ಗಂಡೇ ಹುಟ್ಟಿತು. ಸೂಲಗಿತ್ತಿ ಅವಸರದಲ್ಲಿ ಜ್ಞಾನಸ್ನಾನದ ನೀರು ಹಾಕಿ ಹೆಸರಿಡುವಷ್ಟು ಹೊತ್ತು ಉಸಿರಾಡಿ ಹೊರಟುಹೋಯಿತು.

ಸುದ್ದಿ ಕೇಳಿ ಬಾರ್ಬರಾ ಅತ್ತಳು. ಹಂಗಿಸುವ ಮಾತು ಒಂದೂ ಬರಲಿಲ್ಲ. ಯೋಬ್ಸ್ಟ್ ನೀರುನಾಯಿಯನ್ನು ಹೆರೆದು ತೆಗೆದ. ತಗಡಿನ ಬೆನ್ನಿಗೆ ಸುತ್ತಿಗೆಯಿಂದ ತಟ್ಟಿ ತಗ್ಗು ತುಂಬಿಸಿ, ಉಜ್ಜಿ ನುಣುಪು ಮಾಡಿ, ಅದೇ ಜಾಗದಲ್ಲಿ ಇನ್ನೊಂದನ್ನು ತಲೆಕೆಳಗಾಗಿ ಕೊರೆದ. ಅಷ್ಟು ಕೆಟ್ಟ ಕೆಲಸ ಅವನು ಹಿಂದೆಂದೂ ಮಾಡಿರಲಿಲ್ಲ.

ಕುನಿಗುಂಡ್ ಕಪ್ಪುಡುಗೆಯಲ್ಲಿ ಬಂದು ಅಚ್ಚಾದ ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದಳು. ತಲೆಕೆಳಗಾದ ನೀರುನಾಯಿಯ ಹಿಂದೆ ಬೂದು ಬಣ್ಣದ ತುಪ್ಪಳ, ಒಂದು ಕಿವಿ, ನೆಟ್ಟಗಿದ್ದ ಬೆನ್ನು ಮಸುಕಾಗಿ ಕಾಣುತ್ತಿದ್ದವು. ಆಸೆಯಿಂದ ಒತ್ತಿ ಕೊರೆದದ್ದು, ಪೂರ್ತಿ ಹೋಗಿರಲಿಲ್ಲ.

"ಇದೇನು?"

"ನಿಮ್ಮ ಮಾತು ಮೀರಿ ಮೊದಲೇ ನೆಟ್ಟಗೆ ಕೊರೆದುಬಿಟ್ಟಿದ್ದೆ, ತಾಯಿ. ಹೊಸ ತಗಡಲ್ಲಿ ಮಾಡಿಕೊಡ್ತೀನಿ."

ಅವಳು ಆ ಬೆನ್ನಿನ ಮೇಲೆ ಬೆರಳಿಟ್ಟಳು. "ನನ್ನ ಮಗನನ್ನ ನೋಡಿದ್ದು ನಾನು, ಸೂಲಗಿತ್ತಿ ಇಬ್ಬರೇ. ಊರಿನ ಪಾಲಿಗೆ ಅವನು ಹುಟ್ಟೇ ಇಲ್ಲ. ಇದು ಇರಲಿ. ಎಲ್ಲರ ಮನೆಗೂ ಹೋಗಲಿ."

ಯೋಬ್ಸ್ಟ್ ತಗಡಿನ ಮೇಲೆ ಬೆರಳಾಡಿಸಿದ. "ಎಲ್ಲದರಲ್ಲೂ ಬರಲ್ಲ, ತಾಯಿ. ಉಳಿದಿರೋದು ಮೇಲುಮೇಲಿನ ಗೆರೆ. ಅಚ್ಚೊತ್ತಿದಷ್ಟೂ ಸವೀತದೆ."

"ಹಾಗಾದ್ರೆ ಮೊದಲನೇದು ನನಗಿರಲಿ," ಎಂದು ಹಾಳೆಯನ್ನು ಮಗುವನ್ನು ಎತ್ತಿಕೊಳ್ಳುವಂತೆ ಎದೆಗಾನಿಸಿಕೊಂಡು ಹೋದಳು.

ಯೋಬ್ಸ್ಟ್ ಅಚ್ಚೊತ್ತುತ್ತ ಹೋದ. ಮೊದಲು ಕಿವಿ ಹೋಯಿತು, ಆಮೇಲೆ ತುಪ್ಪಳ. ಬೆನ್ನಿನ ಗೆರೆ ಕಾಣುತ್ತಿದ್ದಷ್ಟು ಕಾಲ ಪ್ರತಿ ಹಾಳೆಯನ್ನೂ ಕಿಟಕಿಗೆ ಹಿಡಿದು ನೋಡಿದ. ಆಮೇಲೆ ನೋಡುವುದನ್ನು ಬಿಟ್ಟ.