ಎರಡು ಬೆರಳು ಸಡಿಲ

"ಸಿಕ್ತು!" ಎನ್ನುತ್ತ ಲಾಯರಮ್ಮ ಕೋರ್ಟಿನ ಬಾಗಿಲು ತಳ್ಳಿಕೊಂಡು ಹೊರಬಂದರು. ಬೆಂಚಿನ ಮೇಲಿದ್ದ ಅತ್ತೆ ದಡಬಡಿಸಿ ಎದ್ದವರು, ಕಾಲು ಜೋಮು ಹಿಡಿದಿದ್ದರಿಂದ ಸೊಸೆಯ ಹೆಗಲಿಗೆ ಜೋತುಬಿದ್ದರು. ಸೊಸೆ ಆ ಭಾರವನ್ನು ಹೊತ್ತುಕೊಂಡೇ ಲಾಯರಮ್ಮನ ಬಾಯಿ ನೋಡುತ್ತ ನಿಂತಳು.

"ಜಾಮೀನಾಯ್ತಾ? ನನ್ನ ಮಗ ಬರ್ತಾನಾ?"

"ಬರ್ತಾನಮ್ಮ. ಕಳ್ಳತನ, ಹೊಡೆದಾಟ ಆಗಿದ್ರೆ ಇಷ್ಟು ಒದ್ದಾಡ್ಬೇಕಿರ್ಲಿಲ್ಲ. ಮಾದಕ ವಸ್ತು ಸಾಗಿಸ್ದ ಅನ್ನೋ ಆರೋಪ ಬಂತು ಅಂದ್ರೆ, ಇವನು ತಪ್ಪು ಮಾಡಿರಲಿಕ್ಕಿಲ್ಲ ಅಂತ ಜಡ್ಜಿಗೆ ಮೊದಲೇ ಅನ್ನಿಸ್ಬೇಕು. ಹೊರಗೆ ಹೋದ್ಮೇಲೂ ಮಾಡಲ್ಲ ಅಂತ ನಂಬಿಕೆ ಬರ್ಬೇಕು. ಹೋದ ಎರಡು ಸಲ ಅಲ್ಲೇ ಬಿದ್ದುಹೋಯ್ತು. ಈ ಸಲ, ಮಾಲು ಸಿಕ್ಕಿದ ಬ್ಯಾಗನ್ನ ಅದಕ್ಕೂ ಮುಂಚೆ ಪಾರ್ಸೆಲ್ ಗೋದಾಮಿನವನು ಇವನ ಹತ್ರ ಇಸ್ಕೊಂಡು ಹೋಗಿದ್ದು ಕ್ಯಾಮೆರಾದಲ್ಲಿ ಸಿಕ್ತಲ್ಲ, ಬದುಕಿಕೊಂಡ್ವಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಲಾಯರಮ್ಮ ಮಾತ್ರ ನಗಲಿಲ್ಲ. ಕರಿಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು, "ಷರತ್ತುಗಳಿವೆ," ಎಂದರು. "ವಾರ ವಾರ ಸ್ಟೇಷನ್ನಿಗೆ ಹೋಗಿ ಸಹಿ ಹಾಕ್ಬೇಕು. ಊರು ಬಿಡೋ ಹಾಗಿಲ್ಲ. ಫೋನು ಯಾವಾಗ್ಲೂ ಆನ್ ಇರ್ಬೇಕು. ಆಮೇಲೆ, ಸಾಕ್ಷಿಗಳ ಜೊತೆ ಮಾತಾಡೋ ಹಾಗಿಲ್ಲ. ಎದುರಿಗೂ ಇಲ್ಲ, ಫೋನಲ್ಲೂ ಇಲ್ಲ, ಇನ್ನೊಬ್ಬರ ಬಾಯಲ್ಲಿ ಹೇಳಿ ಕಳಿಸೋದೂ ಇಲ್ಲ."

"ಆ ಹಾಳು ಗೋದಾಮಿನವರ ಜೊತೆ ಮಾತು ಬಿಟ್ರೆ ಗಂಟೇನು ಹೋಗುತ್ತೆ? ಪೀಡೆ ತೊಲಗಿತು!" ಎಂದರು ಅತ್ತೆ.

ಲಾಯರಮ್ಮ ಸೊಸೆಯ ಕಡೆ ನೋಡಿದರು. "ನೀನೂ ಸಾಕ್ಷಿ ಅಲ್ವೇನಮ್ಮ."

ಅವಳಿಗೆ ಆ ಮಧ್ಯಾಹ್ನ ನೆನಪಾಯಿತು. ಪೊಲೀಸರು ಬಾಗಿಲಲ್ಲಿ ನಿಂತು ಬ್ಯಾಗೊಂದನ್ನು ಎತ್ತಿ ಹಿಡಿದು, "ಇದು ಯಾರದು ಗೊತ್ತಾ?" ಎಂದು ಕೇಳಿದ್ದರು. ಅದರೊಳಗೆ ಏನಿತ್ತು, ಅದು ಗಂಡನ ಪಾರ್ಸೆಲ್ ಗಾಡಿಯಲ್ಲಿ ಎಲ್ಲಿ ಸಿಕ್ಕಿತು ಎಂದು ಯಾರೂ ಹೇಳಿರಲಿಲ್ಲ. ಕಳೆದುಹೋದದ್ದನ್ನು ತಂದುಕೊಡಲು ಬಂದಿದ್ದಾರೆ ಎಂದುಕೊಂಡಳು. ನಾಲ್ಕು ಜನರೆದುರು ಬಾಯಿ ಬಿಡದವಳು, ಅಂದು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು: "ನಮ್ಮವರದೇ. ಪಟ್ಟಿ ಕಿತ್ತುಹೋಗಿತ್ತು. ಕಪ್ಪು ದಾರ ಮುಗಿದಿತ್ತು ಅಂತ ಕೆಂಪಲ್ಲಿ ನಾನೇ ಹೊಲಿದೆ. ನೋಡಿ, ಎರಡು ಸುತ್ತು ಹಾಕಿದೀನಿ, ಇನ್ನು ಕಿತ್ತುಹೋಗಲ್ಲ." ಹೊಲಿಗೆಯನ್ನು ಎಳೆದು ತೋರಿಸಿದ್ದೂ ಅವಳೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಗಂಡ ಹೆಂಡತಿ ಅಂತ ಹೇಳ್ಲಿಲ್ವಾ ನೀವು?" ಅತ್ತೆಯ ದನಿ ಏರಿತು.

"ಹೇಳಿದೆ. ಗಂಡ ಹೆಂಡತಿ ಆಗಿರೋದಕ್ಕೇ ಮಾತು ತಿರುಗಿಸ್ತಾಳೆ ಅಂತ ಸರ್ಕಾರಿ ವಕೀಲರು ಪಟ್ಟು ಹಿಡಿದ್ರು. ಇವಳು ಕೋರ್ಟಲ್ಲಿ ಹೇಳಿಕೆ ಕೊಡೋವರೆಗೂ ಅಷ್ಟೇ. ಮುಂದಿನ ವರ್ಷ ಆಗ್ಬಹುದು, ಅದರಾಚೆಗೂ ಹೋಗ್ಬಹುದು. ಈಗ ಕೆಣಕಿದ್ರೆ ಸಿಕ್ಕಿದ್ದೂ ಕೈತಪ್ಪುತ್ತೆ."

ಸೊಸೆ ತನ್ನ ಬೆರಳ ತುದಿಯ ಸೂಜಿ ಗೆರೆಗಳನ್ನು ಉಜ್ಜಿಕೊಂಡಳು. "ಬಟ್ಟೆ ಕಳಿಸ್ಬಹುದಾ?" ಎಂದು ಕೇಳಿದಳು.

ಲಾಯರಮ್ಮ ಫೈಲನ್ನು ಕಂಕುಳಿಗೆ ಸೇರಿಸಿಕೊಂಡರು. "ಬಟ್ಟೆ ಮಾತಾಡಲ್ಲಮ್ಮ. ಕಳಿಸು. ಜೇಬಲ್ಲಿ ಚೀಟಿಗೀಟಿ ಇಟ್ಟೀಯ ಮತ್ತೆ."

ಅವನು ತನ್ನ ತಂಗಿಯ, ಅಂದರೆ ಅವಳ ನಾದಿನಿಯ, ಮನೆಯಲ್ಲಿರುವುದು, ಅತ್ತೆ ಅವನ ಜೊತೆಗೆ ಹೋಗುವುದು ಎಂದಾಯಿತು. ಅತ್ತೆ ತಮ್ಮ ಹಾಸಿಗೆ ಸುತ್ತುವಾಗ ಸೊಸೆಯೇ ಹಗ್ಗ ಬಿಗಿದಳು.

ಮಾರನೆಯ ದಿನ, ಅವಳು ಹೊಲಿಗೆ ಕೆಲಸಕ್ಕೆ ಹೋಗುವ ಟೈಲರ್ ಅಂಗಡಿಯಲ್ಲಿ ವಿಷಯ ಕೇಳಿ ಕಾಜಾ ಅಕ್ಕ ಹಣೆ ಚಚ್ಚಿಕೊಂಡಳು. ಗುಂಡಿಮನೆ ಹೊಲಿಯುವುದು ಅವಳ ಕೆಲಸವಾದ್ದರಿಂದ ಆ ಹೆಸರು; ಸೂಜಿಗಿಂತ ಅವಳ ನಾಲಿಗೆಯೇ ಚುರುಕು.

"ಒಳಗಿದ್ದಾಗ ವಾರಕ್ಕೊಂದು ಸಲ ಮಾತು. ಹೊರಗೆ ಬಂದ್ಮೇಲೆ ಮೌನವ್ರತ! ಇದ್ಯಾವ ಸೀಮೆ ಬಿಡುಗಡೆನೇ ಮೂಕಿ?"

ಅವಳನ್ನು ಮೂಕಿ ಎಂದು ಮೊದಲು ಕರೆದವನು ಗಂಡನೇ. ಜೈಲಿನ ಜಾಲರಿಯ ಆಚೆಯಿಂದಲೂ, "ಏನಾದ್ರೂ ಹೇಳೇ ಮೂಕಿ, ಇಷ್ಟು ದೂರ ಬಸ್ಸಲ್ಲಿ ಬಂದು ನನ್ನ ಮೂಗು ನೋಡ್ಕೊಂಡು ಹೋಗ್ತೀಯಲ್ಲ," ಎಂದು ನಗಿಸುತ್ತಿದ್ದ. ಅವಳು ಸೊಳ್ಳೆಯ ಸುದ್ದಿ, ನಲ್ಲಿಯ ಸುದ್ದಿ ಹೇಳುವಷ್ಟರಲ್ಲಿ ಭೇಟಿ ಮುಗಿದ ಗಂಟೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಹತ್ತಾರು ಜನ ಕಿರುಚುವಾಗ ಆಡಲಾಗದ ಮಾತುಗಳನ್ನೆಲ್ಲ, ಮನೆಗೆ ಬಂದಮೇಲೆ ಹೇಳಿದರಾಯಿತು ಎಂದು ಕೂಡಿಟ್ಟುಕೊಂಡಿದ್ದಳು. ಮಷೀನು ತುಳಿಯುವಾಗ ಅವನ್ನು ಒಂದೊಂದಾಗಿ ಮನಸ್ಸಿನಲ್ಲೇ ಆಡಿ ನೋಡುತ್ತಿದ್ದಳು. ಕೆಲವನ್ನು ಆಡುವಾಗ ಕಿವಿ ಬಿಸಿಯಾಗುತ್ತಿತ್ತು.

"ದೂರದಿಂದ ನೋಡೋದೂ ತಪ್ಪಾ ಅಕ್ಕ?"

"ನೋಡೋದಕ್ಕೆ ಯಾರಪ್ಪನ ಅಪ್ಪಣೆ ಬೇಕು? ಹೋಗು. ಅಂಗಡಿ ಮಾಸ್ತರಿಗೆ ನಾನು ಹೇಳ್ಕೋತೀನಿ."

ಜೈಲಿನ ಎದುರು ರಸ್ತೆಯಾಚೆ ಸೈಕಲ್ ರಿಪೇರಿ ಅಂಗಡಿಯಿತ್ತು. ಬಿಡುಗಡೆಯ ಹೊತ್ತಿಗೆ ಅದರ ತಗಡಿನ ನೆರಳಲ್ಲಿ ಅವಳು ನಿಂತಳು. ಗೇಟಿನ ಹತ್ತಿರ ಅತ್ತೆ, ನಾದಿನಿ, ಒಂದು ಬಾಡಿಗೆ ಕಾರು. ಗೋಡೆಗೊರಗಿ ಹಲ್ಲು ಚುಚ್ಚಿಕೊಳ್ಳುತ್ತಿದ್ದ ಒಬ್ಬ ಪೊಲೀಸಿನವನು.

ದೊಡ್ಡ ಗೇಟಿನೊಳಗಿನ ಸಣ್ಣ ಬಾಗಿಲು ತೆರೆಯಿತು. ಅವನು ತಲೆ ಬಗ್ಗಿಸಿ ಹೊರಬಂದ. ಅವಳೇ ಹೊಲಿದಿದ್ದ ನೀಲಿ ಅಂಗಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅಮ್ಮ ತಬ್ಬಿಕೊಂಡು ಅಳುತ್ತಿದ್ದರೂ ಅವರ ತಲೆಯ ಮೇಲಿಂದ ಆಚೀಚೆ ಹುಡುಕಿದ. ಸೈಕಲ್ ಅಂಗಡಿಯ ಕಡೆ ಬಂದ ಅವನ ಕಣ್ಣು ಅಲ್ಲೇ ನಿಂತಿತು. ಒಂದು ಹುಬ್ಬು ಮೇಲೇರಿತು. ಊಟಕ್ಕೆ ಮುಂಚೆ ಅಡುಗೆಮನೆಗೆ ಇಣುಕುವಾಗ ಏರುತ್ತಿದ್ದ ಹಾಗೆಯೇ.

ಅಮ್ಮನ ಕೈ ಬಿಡಿಸಿಕೊಂಡು ಅವನು ರಸ್ತೆಗಿಳಿದ.

ಪೊಲೀಸಿನವನು ಗೋಡೆಯಿಂದ ಬೆನ್ನು ತೆಗೆದ.

ಅವಳ ಕಾಲು ಒಂದು ಹೆಜ್ಜೆ ಮುಂದೆ ಹೋಗಿಯೇ ಬಿಟ್ಟಿತ್ತು. ಕೂಡಿಟ್ಟ ಮಾತುಗಳೆಲ್ಲ ತುಟಿಯವರೆಗೆ ಬಂದು ಒಂದನ್ನೊಂದು ತಳ್ಳಾಡಿದವು. ಅವಳು ಗಕ್ಕನೆ ತಿರುಗಿ ರಸ್ತೆಗೆ ಬೆನ್ನು ಹಾಕಿ, ಎದುರಿಗಿದ್ದ ಸೈಕಲ್ಲೊಂದರ ಹ್ಯಾಂಡಲ್ ಹಿಡಿದುಕೊಂಡಳು.

"ಏನಾಗ್ಬೇಕಿತ್ತಮ್ಮ?" ಅಂಗಡಿಯವನು ಕೇಳಿದ.

"ಏನಿಲ್ಲ. ನೋಡ್ತಿದ್ದೆ."

ಹ್ಯಾಂಡಲ್ಲಿನ ಬೆಲ್ಲು ಹೊಸದು, ಥಳಥಳ ಹೊಳೆಯುತ್ತಿತ್ತು. ಅದರ ಉಬ್ಬಿನಲ್ಲಿ ಇಡೀ ರಸ್ತೆ ಬಾಗಿ ಕಾಣುತ್ತಿತ್ತು. ನಟ್ಟನಡುವೆ ಗುಂಡಿಯಷ್ಟು ಚಿಕ್ಕದಾಗಿ ಒಬ್ಬ ಮನುಷ್ಯ ನಿಂತಿದ್ದ. ಲಾರಿಯೊಂದು ಹಾರ್ನ್ ಹೊಡೆಯಿತು. ಅವನು ಕದಲಲಿಲ್ಲ. ಅತ್ತೆ ಓಡಿಬಂದು ತೋಳು ಹಿಡಿದು ಜಗ್ಗಿದರು. "ನಡಿಯೋ, ನಿನ್ ದಮ್ಮಯ್ಯ," ಎಂದದ್ದು ಇಲ್ಲಿಗೂ ಕೇಳಿತು. ಬೆಲ್ಲಿನೊಳಗಿನ ಮನುಷ್ಯ ನಿಧಾನಕ್ಕೆ ಅಂಚಿಗೆ ಸರಿದು ಮಾಯವಾದ.

ಕಾರು ಹೋದ ಶಬ್ದ ಸವೆಯುವ ತನಕ ಅವಳು ಹ್ಯಾಂಡಲ್ ಬಿಡಲಿಲ್ಲ.

ಟೈಲರ್ ಅಂಗಡಿಗೆ ಬಂದವಳೇ ಚೀಲದಿಂದ ಅವನ ಇನ್ನೊಂದು ನೀಲಿ ಅಂಗಿ ತೆಗೆದು, ಪಕ್ಕದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚತೊಡಗಿದಳು.

"ನೋಡಿದ್ಯಾ?" ಕಾಜಾ ಅಕ್ಕ ಕೇಳಿದಳು.

"ಹೂಂ."

"ಹೇಗಿದಾನೆ?"

"ಭುಜ ಇಳಿದಿದೆ. ಅಂಗಿ ಎರಡು ಬೆರಳು ಸಡಿಲ."

ಕಾಜಾ ಅಕ್ಕ ದಾರದ ಡಬ್ಬಿಯನ್ನು ಅವಳತ್ತ ತಳ್ಳಿದಳು. ಅವಳು ಡಬ್ಬಿ ತಡಕಿದಳು. ಕೆಂಪು ಕೈಗೆ ಸಿಕ್ಕಿತು, ಕೆಳಗಿಟ್ಟಳು. ಬಾಗಿಲಿನ ಬೆಳಕಿಗೆ ಹಿಡಿದು ಹಿಡಿದು, ಬಟ್ಟೆಯ ಮೇಲಿಟ್ಟರೆ ಕಾಣದೇ ಹೋಗುವಂಥ ನೀಲಿಯನ್ನು ಆರಿಸಿಕೊಂಡಳು. ಎರಡೂ ಪಕ್ಕ ಸೀಮೆಸುಣ್ಣದ ಗೆರೆ ಎಳೆದಳು.

ಹೆಚ್ಚಾದ ಬಟ್ಟೆ ಕತ್ತರಿಸಲೆಂದು ಕಾಜಾ ಅಕ್ಕ ಕತ್ತರಿ ಚಾಚಿದಳು.

"ಬೇಡ ಅಕ್ಕ. ಒಳಗೇ ಇರ್ಲಿ, ಮುಂದೆ ಬಿಚ್ಚೋಕೆ ಬೇಕಾಗುತ್ತೆ," ಎಂದಳು. ಹೆಚ್ಚಿನದನ್ನು ಮಡಿಸಿ, ಉಗುರಿನಿಂದ ತೀಡಿ ಸಪಾಟು ಮಾಡಿ, ಮಷೀನು ತುಳಿಯತೊಡಗಿದಳು.