ಚಾಂದಬೀಯ ಬೆರಳು

ಮೆಹತಾಬ್ ಸತ್ತ ಅತ್ತೆ ಚಾಂದಬೀಯ ಹೆಬ್ಬೆರಳಿಗೆ ಸಾಬೂನು ಹಚ್ಚಿ ಇನ್ನೊಮ್ಮೆ ಉಜ್ಜಿದಳು. ಗೆರೆಗಳೊಳಗಿನ ಕಪ್ಪು ಹೋಗಲಿಲ್ಲ. ಮೈ ತೊಳೆಯಲು ಬಂದಿದ್ದ ನೆರೆಮನೆಯ ರಶೀದಾಬೇಗಂ ಅವಳ ಕೈ ಹಿಡಿದಳು.

"ಬಿಡವ್ವ. ಅದು ಹೊಲಸಲ್ಲ, ಔಷಧ. ಹಂಗೇ ಹೋಗಲಿ."

ಶಹಾಬಾದಿನ ಆ ಓಣಿಯಲ್ಲಿ ಹಕೀಮ ಅಮೀರ್ ಅಲಿಯವರು ಕಬ್ಬಿಣವನ್ನು ಸುಟ್ಟು ಸುಟ್ಟು ಭಸ್ಮ ಮಾಡುತ್ತಿದ್ದರು. ಅದನ್ನು ಕಲ್ಲಿನ ಖಲಬತ್ತದಲ್ಲಿ ಅರೆಯುತ್ತಿದ್ದವಳು ಹೆಂಡತಿ ಚಾಂದಬೀ.

ಹೊರಗೆ ಕಟ್ಟೆಯ ಮೇಲೆ ನಾಲವಾರದ ಗುರುಲಿಂಗಮ್ಮ ಕುಳಿತಿದ್ದಳು. ಅವಳು ರೈಲು ಹತ್ತಿದ್ದು ಮಗಳ ಔಷಧಕ್ಕೆ. ರಕ್ತವಿಲ್ಲದ ಬಾಣಂತಿ; ದವಾಖಾನೆಯ ಗುಳಿಗೆ ನುಂಗಿದರೆ ವಾಂತಿ, ಎದ್ದು ನಿಂತರೆ ತಲೆಸುತ್ತು. ಇಲ್ಲಿ ನೋಡಿದರೆ ಸಾವಿನ ಮನೆ. ಕೇಳಲು ಬಾಯಿ ಬರಲಿಲ್ಲ, ಬರಿಗೈಲಿ ಹೋಗಲು ಕಾಲು ಬರಲಿಲ್ಲ.

ಹಕೀಮರೇ ಮಗಳು ಹೇಗಿದ್ದಾಳೆಂದು ಕೇಳಿದರು. ಗುರುಲಿಂಗಮ್ಮ ಸೆರಗು ಬಾಯಿಗೊತ್ತಿಕೊಂಡಳು.

"ಭಸ್ಮ ಖಲಬತ್ತದಾಗ ಅದ," ಎಂದರು ಹಕೀಮರು. "ಆದ್ರ ಆಕಿ ಬೆರಳು ಇನ್ನಾ ಹೂಂ ಅಂದಿರಲಿಲ್ಲ."

*

ಹಿಂದೊಮ್ಮೆ ಹಕೀಮರು ನೀರಿನ ಬಟ್ಟಲಿಗೆ ಭಸ್ಮ ಉದುರಿಸಿದ್ದರು. ಅದು ತೇಲಿತು. ಮೇಲೊಂದು ಅಕ್ಕಿಕಾಳು ಇಟ್ಟರೆ ಅದೂ ತೇಲಿತು. ಹದಕ್ಕೆ ಬಂತೆಂದು ಖುಷಿಯಿಂದ ಪುಡಿಕೆ ಕಟ್ಟಲು ಕುಳಿತರು. ಚಾಂದಬೀ ಮಾತ್ರ ಒಂದು ಚಿಟಿಕೆಯನ್ನು ಎರಡು ಬೆರಳ ನಡುವೆ ತಿಕ್ಕಿ ಸೆರಗಿಗೆ ಒರೆಸಿದಳು. ಬೆರಳು ಸ್ವಚ್ಛವಾಯಿತು.

"ಬೆರಳಿನ ಗೆರ್ಯಾಗ ಕುಂದರಲಾರದ್ದು ರಕ್ತದಾಗ ಹೆಂಗ ಕೂಡತದ?"

"ಹಕೀಮ ನಾನೋ ನೀನೋ?"

"ನೀವೇರಿ. ನಂದು ಬರೇ ಬೆರಳು," ಎಂದು ಪುಡಿಯನ್ನೆಲ್ಲ ಮತ್ತೆ ಖಲಬತ್ತಕ್ಕೆ ಸುರಿದಿದ್ದಳು.

*

ಜನಾಜಾ ಎತ್ತುವ ಮೊದಲು ಮೆಹತಾಬ್ ಚಿಟಿಕೆ ಭಸ್ಮ ತಿಕ್ಕಿ ನೋಡಿದಳು. ಒರೆಸಿದರೆ ಎಲ್ಲವೂ ಸೆರಗಿಗೆ ಬಂತು. ಹಕೀಮರು ಜನಾಜಾಕ್ಕೆ ಹೆಗಲು ಕೊಟ್ಟು ನಡೆದರು.

ಗಂಡಸರು ಹೋದ ಮೇಲೆ ಮೆಹತಾಬ್ ಖಲಬತ್ತ ಎಳೆದುಕೊಂಡಳು. ಇವತ್ತು ಅರೆಯಬಹುದೋ ಇಲ್ಲವೋ ಎಂದು ರಶೀದಾಬೇಗಂಳ ಮುಖ ನೋಡಿದಳು.

"ಒಲಿ ಹಚ್ಚಬಾರದು ಅಂತಾರ. ಅರೀಬಾರದು ಅಂತ ಯಾರೂ ಹೇಳಿಲ್ಲ."

ಗುರುಲಿಂಗಮ್ಮ ಎದುರಿಗೆ ಬಂದು ಕುಳಿತಳು. ಒಬ್ಬಳ ತೋಳು ಸೋತರೆ ಇನ್ನೊಬ್ಬಳು ಅರೆದಳು.

ಮಣ್ಣು ಕೊಟ್ಟು, ಮಸೀದಿಯಲ್ಲಿ ಬಹಳ ಹೊತ್ತು ಕುಳಿತು, ಸಂಜೆ ಹಿಂದಿರುಗಿದ ಹಕೀಮರು ಓಣಿಯ ತಿರುವಿನಲ್ಲೇ ನಿಂತುಬಿಟ್ಟರು. ಮನೆಯೊಳಗಿಂದ ಖಲಬತ್ತದಲ್ಲಿ ಅರೆಯುವ ಸದ್ದು. ಒಂದು ಗಳಿಗೆ ಬಿಟ್ಟು ಒಳಗೆ ಬಂದರು. ಮೆಹತಾಬ್ ಬೆರಳು ಒರೆಸಿ ಬಾಗಿಲ ಬೆಳಕಿಗೆ ಹಿಡಿದಳು. ಹಕೀಮರು ಬಗ್ಗಿ ನೋಡಿದರು.

"ಪುಡಿಕಿಗೆ ಕಾಗದ ತಗೊಂಡು ಬಾ, ಬೇಟಿ."

ಗುರುಲಿಂಗಮ್ಮ ತಂಬಿಗೆ ಎತ್ತಿ ಆ ಬೆರಳ ಮೇಲೆ ನೀರು ಹೊಯ್ದಳು. ನೀರು ತಿಳಿಯಾಗಿಯೇ ಕೆಳಗಿಳಿಯಿತು. ಗೆರೆಗಳು ಕಪ್ಪಗೆ ಹಾಗೇ ಇದ್ದವು.