ಗದಿಗೆವ್ವನ ಕೂಸಿನ ಪಟ

ಬೆಟಗೇರಿಯ ಫೋಟೋಗ್ರಾಫರ್ ಮಾರ್ತಾಂಡನಿಗೆ ಎಳೆಗೂಸುಗಳೆಂದರೆ ಪ್ರೀತಿ, ಅವುಗಳ ಅಪ್ಪಂದಿರೆಂದರೆ ತಾತ್ಸಾರ. ತೊಟ್ಟಿಲ ಪಕ್ಕ, ತಾವೇ ಹೆತ್ತವರಂತೆ, ಮೀಸೆ ತಿರುವಿ ನಿಲ್ಲುವವರನ್ನು ಕಂಡರೆ ಅವನಿಗೆ ಹೇಸಿಗೆಯಾಗುತ್ತಿತ್ತು.

ಕನ್ನಡ ನಾಡು ಒಂದಾದ ವರ್ಷ ಮುಂಡರಗಿಯ ವ್ಯಾಪಾರಿ ಸಂಗಪ್ಪ ತನ್ನ ಮಗನ ಪಟ ತೆಗೆಯಲು ಅವನನ್ನು ಕರೆಸಿದ. ಮಾರ್ತಾಂಡ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಕೂಸು ತೀರಿಹೋಗಿತ್ತು.

"ಇನ್ನೇನ್ ತೆಗೀತೀರಿ, ಹೋಗ್ರಿ," ಎಂದ ಸಂಗಪ್ಪ, ಕಟ್ಟೆಯ ಮೇಲಿಂದ ಏಳದೆ.

"ಇಂಥಾ ಮನ್ಯಾಗ ನಾ ಪುಕ್ಕಟೆ ತೆಗೀತೀನ್ರಿ. ತಾಯಿಗೆ ಒಂದು ಗುರುತು ಉಳೀತದ."

"ಹೆಣದ ಪಟಾ ಮನ್ಯಾಗ ಇಟ್ಕೋತಾರೇನ್ರಿ? ಮಂದಿ ಏನಂದಾರು?"

ಒಳಗಿನಿಂದ ಬಾಣಂತಿ ಗದಿಗೆವ್ವ, "ತೆಗೀರಿ," ಎಂದಳು. ಮಾರ್ತಾಂಡ ಸಂಗಪ್ಪನನ್ನು ದಾಟಿ ಒಳಗೆ ಹೋದ. ಅವಳನ್ನು ಕಿಟಕಿಯ ಬೆಳಕಿಗೆ ಕೂಡಿಸಿ, ತೊಡೆಯ ಮೇಲಿನ ಕೂಸಿನ ತಲೆಯ ಕುಂಚಿಗೆಯನ್ನು ಕಿವಿ ಕಾಣುವಂತೆ ಸರಿಮಾಡಿ, ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿದ. ಅಲ್ಲಿ ಅವನು ಅತ್ತದ್ದು ಯಾರಿಗೂ ಕಾಣಲಿಲ್ಲ.

ವಾರದ ಮೇಲೆ ಸಂಗಪ್ಪ ಜರಿ ರುಮಾಲು ಸುತ್ತಿಕೊಂಡು ಸ್ಟುಡಿಯೋಕ್ಕೆ ಬಂದ.

"ಕೂಸು ಕಣ್ಣು ತೆರದಂಗ ಬಣ್ಣಾ ಹಚ್ರಿ. ಅದರವ್ವನ್ನ ತಗದು ಬಾಜೂಕ ನನ್ನ ಜೋಡಸ್ರಿ. ಅಂಗಡ್ಯಾಗ ಹಾಕ್ತೀನಿ."

ಮಾರ್ತಾಂಡ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅವತ್ತು ನೀವು ಒಳಗ ಬರಲಿಲ್ಲಲ್ರಿ. ಇಲ್ಲದವರನ್ನ ಪಟದಾಗ ಕೂಡಸೂದು ನನಗ ಬರೂದಿಲ್ಲ."

ಸಂಗಪ್ಪ ಗೊಣಗುತ್ತ ಬರಿಗೈಯಲ್ಲಿ ಹೋದ. ಮರುದಿನ ಮಾರ್ತಾಂಡ ತಾನೇ ಮುಂಡರಗಿಗೆ ಹೋಗಿ ಪಟವನ್ನು ಗದಿಗೆವ್ವನ ಕೈಗೇ ಕೊಟ್ಟ. ಅವಳು ಬಹಳ ಹೊತ್ತು ನೋಡಿ, "ಕಿವಿ ಥೇಟ್ ನಮ್ಮಪ್ಪನ್ವ," ಎಂದಳು.

ಕಟ್ಟೆಯ ಮೇಲೆ ಸಂಗಪ್ಪ ಅಡಕೆ ಕತ್ತರಿಸುತ್ತ ಕುಳಿತಿದ್ದ. ಮಾರ್ತಾಂಡ ಅವನಿಗೊಂದು ನಮಸ್ಕಾರವನ್ನೂ ಹೇಳದೆ ಬಸ್ಸಿಗೆ ನಡೆದ.